ಹಿಂದಿನ ಡ್ರಮ್ ತೆಗೆಸಿ ಡಿಸ್ಕ್ ಹಾಕಿಸುವ ಮುಂಚೆ ಇದನ್ನೊಮ್ಮೆ ಓದಿ

ಇಳಿಜಾರಿನ ತಿರುವೊಂದರಲ್ಲಿ ನನ್ನ ಚಿಕ್ಕ ಹ್ಯಾಚ್‌ಬ್ಯಾಕ್ ಕಾರು ಗಿರ್ರನೆ ತಿರುಗಿ ರಸ್ತೆಗೆ ಅಡ್ಡ ನಿಂತಿತು. ಪಕ್ಕದಲ್ಲಿ ಅಕ್ಕ ಕೂತಿದ್ದಳು. ಆ ಹೊತ್ತಿಗೆ ಎದುರಿನಿಂದ ಯಾವ ಗಾಡಿಯೂ ಬರಲಿಲ್ಲ. ಅದಕ್ಕೇ ಇಬ್ಬರೂ ಉಳಿದೆವು. ಅವತ್ತು ಬ್ರೇಕ್ ಫೇಲ್ ಆಗಿರಲಿಲ್ಲ. ಹಿಂದಿನ ಚಕ್ರಗಳಲ್ಲಿ ಬೇಕಾದ್ದಕ್ಕಿಂತ ತುಂಬಾ ಜಾಸ್ತಿ ಹಿಡಿದಿತ್ತು. ಹಾಗೆ ಹಿಡಿಯುವಂತೆ ಕೆಲಸ ಮಾಡಿಸಿದವನು ನಾನೇ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಕಾರು ಹಳೆಯದು, ಎಬಿಎಸ್ (ಜೋರಾಗಿ ತುಳಿದಾಗ ಚಕ್ರ ಲಾಕ್ ಆಗದಂತೆ, ಅಂದರೆ ತಿರುಗುವುದು ನಿಂತು ಜಾರದಂತೆ ನೋಡಿಕೊಳ್ಳುವ ವ್ಯವಸ್ಥೆ) ಇಲ್ಲ. ಮುಂದೆ ಡಿಸ್ಕ್, ಹಿಂದೆ ಡ್ರಮ್. ಡಿಸ್ಕ್ ಅಂದರೆ ಚಕ್ರದ ಜೊತೆ ತಿರುಗುವ ತಟ್ಟೆ, ಅದನ್ನು ಕ್ಯಾಲಿಪರ್ ಎರಡೂ ಕಡೆಯಿಂದ ಅದುಮಿ ಹಿಡಿಯುತ್ತದೆ. ಡ್ರಮ್ ಅಂದರೆ ತಿರುಗುವ ಡಬ್ಬಿ, ಅದರ ಒಳಮೈಗೆ ಶೂ ಅನ್ನುವ ಎರಡು ಬಾಗಿದ ಪಟ್ಟಿಗಳು ಒತ್ತಿ ಹಿಡಿಯುತ್ತವೆ. ಕೆಲವು ತಿಂಗಳಿಂದ ಪೆಡಲ್ ಅರ್ಧ ಕೆಳಗೆ ಹೋದ ಮೇಲೆಯೇ ಬ್ರೇಕ್ ಹಿಡಿಯುತ್ತಿತ್ತು. ಬೇಗ ಬೇಗ ಎರಡು ಸಲ ತುಳಿದರೆ ಎರಡನೇ ಸಲ ಪೆಡಲ್ ಮೇಲೇ ಸಿಗುತ್ತಿತ್ತು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ನಾನು ಮಾತ್ರ ಆಗ ಅದರ ಬಗ್ಗೆ ಯೋಚನೆಯನ್ನೇ ಮಾಡಲಿಲ್ಲ. ಡ್ರಮ್ ಅಂದರೆ ಹಳೇ ಕಾಲದ್ದು, ಡಿಸ್ಕ್ ಹಾಕಿದರೆ ಎಲ್ಲ ಸರಿ ಹೋಗುತ್ತದೆ ಅಂತ ತೀರ್ಮಾನ ಮಾಡಿಬಿಟ್ಟೆ.

ಇದೇ ಮಾಡೆಲ್‌ನಲ್ಲಿ ದೊಡ್ಡ ಎಂಜಿನ್ ಇರುವ ಕಾರಿಗೆ ನಾಲ್ಕೂ ಚಕ್ರಕ್ಕೆ ಡಿಸ್ಕ್ ಬರುತ್ತದೆ. ಗುಜರಿಯಲ್ಲಿ ಅಂಥದ್ದೊಂದು ಸಿಕ್ಕಿತು. ಅದರ ಹಿಂದಿನ ಡಿಸ್ಕ್, ಕ್ಯಾಲಿಪರ್, ಹಬ್, ಹ್ಯಾಂಡ್ ಬ್ರೇಕ್ ಕೇಬಲ್ ಎಲ್ಲ ತಂದೆ. ಬೋಲ್ಟ್ ತೂತುಗಳು ಕರೆಕ್ಟಾಗಿ ಕೂತವು. ತೂತು ಕೂತಿತಲ್ಲ, ಅಷ್ಟರಲ್ಲೇ ನಾನೂ ಮೆಕ್ಯಾನಿಕ್ಕೂ ಮೋಸ ಹೋದೆವು. ಆ ದೊಡ್ಡ ಎಂಜಿನ್ ಕಾರಿನಲ್ಲಿ ಮುಂದಿನ ಡಿಸ್ಕೂ ದೊಡ್ಡದು, ಪೆಡಲ್ ತುಳಿದಾಗ ಬ್ರೇಕ್ ಆಯಿಲ್ ಅನ್ನು ಒತ್ತಿ ಪ್ರೆಶರ್ ಕೊಡುವ ಮಾಸ್ಟರ್ ಸಿಲಿಂಡರ್ ಬೇರೆ, ಹಿಂದಕ್ಕೆ ಹೋಗುವ ಪ್ರೆಶರ್ ಕಡಿಮೆ ಮಾಡುವ ವಾಲ್ವೂ ಬೇರೆ. ಅದು ಇಡೀ ಒಂದು ಸೆಟ್. ನಾನು ತಂದಿದ್ದು ಹಿಂದಿನ ಅರ್ಧ ಮಾತ್ರ.

"ಸಾರ್, ಇನ್ಮೇಲೆ ಕಾಲಿಟ್ಟರೆ ಸಾಕು, ಗಾಡಿ ನಿಂತುಬಿಡುತ್ತೆ" ಅಂದರು ಮೆಕ್ಯಾನಿಕ್. ನಿಜಕ್ಕೂ ನಿಲ್ಲುತ್ತಿತ್ತು. ಪೆಡಲ್ ಮೇಲೇ ಸಿಕ್ಕಿತು, ಹಿಡಿತ ಗಟ್ಟಿ ಅನ್ನಿಸಿತು. ಒಂದು ವಾರ ಊರೊಳಗೆ ಓಡಿಸಿದೆ. ಕಂಡವರಿಗೆಲ್ಲ ಖುಷಿಯಿಂದ ಹೇಳಿಕೊಂಡೆ. ನಿಧಾನಕ್ಕೆ ಬ್ರೇಕ್ ಹಾಕುವಾಗ ಹಿಂದಿನ ಚಕ್ರದ ಮೇಲೆ ಸಾಕಷ್ಟು ಭಾರ ಇರುತ್ತದೆ. ಹಾಗಾಗಿ ಜಾಸ್ತಿ ಹಿಡಿದರೂ ತೊಂದರೆ ಕಾಣುವುದಿಲ್ಲ, ಕಾರು ಚೆನ್ನಾಗಿ ನಿಲ್ಲುತ್ತಿದೆ ಅಂತಲೇ ಅನ್ನಿಸುತ್ತದೆ. ತಪ್ಪು ಗೊತ್ತಾಗುವುದು ಜೋರಾಗಿ ತುಳಿದ ದಿನ.

ಆ ದಿನ ರಸ್ತೆ ಒಣಗಿತ್ತು. ಇಳಿಜಾರು, ಎಡಕ್ಕೆ ತಿರುವು. ಮುಂದಿದ್ದ ಗಾಡಿ ಇದ್ದಕ್ಕಿದ್ದಂತೆ ನಿಂತಿತು. ನಾನು ಗಟ್ಟಿಯಾಗಿ ತುಳಿದೆ. ಹಿಂದಿನಿಂದ ಕೀ... ಅಂತ ಸದ್ದು ಬಂತು. ಕಾರಿನ ಹಿಂಭಾಗ ಹೊರಗಡೆಗೆ ಜಾರಿ, ಮುಂಭಾಗವನ್ನು ಹಿಂದೆ ಹಾಕುವ ಹಾಗೆ ಸುತ್ತಿ ಬಂತು. ಸ್ಟೇರಿಂಗ್ ಆ ಕಡೆ ತಿರುಗಿಸಿದರೂ ಏನೂ ಆಗಲಿಲ್ಲ. ಕಾಲು ಪೆಡಲ್ ಮೇಲೇ ಇತ್ತು, ತೆಗೆಯಬೇಕು ಅಂತ ಹೊಳೆಯಲೇ ಇಲ್ಲ. ಭಯ ಆದಾಗ ಯಾರಿಗೂ ಹೊಳೆಯುವುದಿಲ್ಲ. ಕಾರು ನಿಂತ ಮೇಲೆ ಅಕ್ಕ ತುಂಬಾ ಹೊತ್ತು ಬಾಗಿಲಿನ ಹಿಡಿ ಬಿಡಲಿಲ್ಲ. "ಏನಾಯ್ತೋ?" ಅಂತ ಎರಡು ಮೂರು ಸಲ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ರಸ್ತೆ ಮೇಲೇ ಇತ್ತು. ಕಾರನ್ನು ಪಕ್ಕಕ್ಕೆ ಹಾಕಿ ನಡೆದುಕೊಂಡು ಹೋಗಿ ನೋಡಿದೆ. ಕಪ್ಪು ಗುರುತು ಎರಡೇ ಎರಡು. ಶುರುವಿನಲ್ಲಿ ನೇರ, ಆಮೇಲೆ ಕುಡುಗೋಲಿನ ಹಾಗೆ ಬಾಗಿದ್ದವು. ಎರಡೂ ಹಿಂದಿನ ಟೈರಿನವು. ಮುಂದಿನ ಟೈರಿನ ಗುರುತೇ ಇರಲಿಲ್ಲ. ಅಂದರೆ ಮುಂದಿನ ಚಕ್ರಗಳು ಉರುಳುತ್ತಲೇ ಇದ್ದವು, ಹಿಂದಿನವು ಪೂರ್ತಿ ಲಾಕ್ ಆಗಿದ್ದವು. ಹಿಂದಿನ ಟೈರ್ ಕೈಯಿಂದ ಸವರಿದೆ. ಒಂದು ಕಡೆ ಅಂಗೈಯಗಲ ಚಪ್ಪಟೆಯಾಗಿ ಸವೆದಿತ್ತು, ಇನ್ನೂ ಬಿಸಿ ಇತ್ತು. ವಾಪಸ್ ಬರುವಾಗ ದಾರಿಯುದ್ದಕ್ಕೂ ಧಡ್ ಧಡ್ ಅಂತ ಬಡಿಯುತ್ತಿತ್ತು.

ಹೀಗೇಕೆ ಆಗುತ್ತದೆ ಅಂತ ಒಂದು ಲೆಕ್ಕ ಹಾಕಿ ನೋಡೋಣ. 900 ಕೆ.ಜಿ. ಕಾರು ಅಂದುಕೊಳ್ಳಿ. ಎಂಜಿನ್ ಮುಂದೆ ಇರುವುದರಿಂದ ನಿಂತಾಗ ಮುಂದೆ ಸುಮಾರು 560, ಹಿಂದೆ 340 ಕೆ.ಜಿ. ಭಾರ ಬಿದ್ದಿರುತ್ತದೆ. ಮುಂದಿನ ಹಿಂದಿನ ಚಕ್ರದ ನಡುವಿನ ಅಂತರ 2.4 ಮೀಟರ್, ಭಾರದ ಕೇಂದ್ರ ನೆಲದಿಂದ 55 ಸೆಂಟಿಮೀಟರ್ ಎತ್ತರ ಅಂತಿಟ್ಟುಕೊಳ್ಳಿ. ಸಮತಟ್ಟಾದ ರಸ್ತೆಯಲ್ಲಿ 0.8 ಜಿಯಷ್ಟು (ಜಿ ಅಂದರೆ ಭೂಮಿಯ ಗುರುತ್ವದ ವೇಗೋತ್ಕರ್ಷ) ಜೋರಾಗಿ ಬ್ರೇಕ್ ಹಾಕಿದರೆ ಸುಮಾರು 165 ಕೆ.ಜಿ. ಹಿಂದಿನಿಂದ ಮುಂದಕ್ಕೆ ಹೋಗುತ್ತದೆ. ಆಗ ಮುಂದೆ 725, ಹಿಂದೆ ಬರೀ 175. ಎರಡು ಚಕ್ರಕ್ಕೂ ಸೇರಿ! ಇಳಿಜಾರಿನಲ್ಲಿ ಇನ್ನೂ ಕಡಿಮೆ. ಇಷ್ಟು ಹಗುರಾದ ಟೈರನ್ನು ದೊಡ್ಡ ಕ್ಯಾಲಿಪರ್ ಹಿಡಿದರೆ ಅದು ತಿರುಗುವುದು ನಿಲ್ಲಲೇಬೇಕು, ಅಲ್ವಾ? ಸಣ್ಣ ಕಾರಿನ ಹಿಂದೆ ಡ್ರಮ್ ಹಾಕುವುದಕ್ಕೆ ಖರ್ಚು ಉಳಿಸುವುದೊಂದೇ ಕಾರಣ ಅಂತ ನಾನು ತಿಳಿದಿದ್ದೆ. ಅಲ್ಲಿ ಅದಕ್ಕಿಂತ ಜಾಸ್ತಿ ಬ್ರೇಕಿಗೆ ಕೆಲಸವೇ ಇಲ್ಲ.

ಮುಂದಿನ ಚಕ್ರ ಲಾಕ್ ಆದರೆ ಸ್ಟೇರಿಂಗ್ ಕೇಳುವುದಿಲ್ಲ, ಆದರೆ ಕಾರು ನೇರವಾಗಿ ಜಾರುತ್ತದೆ. ಕಾಲು ಸ್ವಲ್ಪ ಸಡಿಲ ಮಾಡಿದರೆ ಮತ್ತೆ ಕೈಗೆ ಸಿಗುತ್ತದೆ. ಹಿಂದಿನದು ಮೊದಲು ಲಾಕ್ ಆದರೆ ಹಿಂಭಾಗಕ್ಕೆ ಅಡ್ಡಕ್ಕೆ ಜಾರದಂತೆ ತಡೆಯುವ ಹಿಡಿತವೇ ಇರುವುದಿಲ್ಲ, ಕಾರು ಬುಗುರಿಯಾಗುತ್ತದೆ. ಕಾರುಗಳ ಬ್ರೇಕಿಗೆ ವಿಶ್ವಸಂಸ್ಥೆಯ ಆರ್13-ಎಚ್ ಅಂತ ಒಂದು ನಿಯಮ ಇದೆ. ಎಬಿಎಸ್ ಇಲ್ಲದ ಕಾರಿನಲ್ಲಿ 0.15 ಜಿಯಿಂದ 0.8 ಜಿವರೆಗಿನ ಬ್ರೇಕಿಂಗ್‌ನಲ್ಲಿ ಹಿಂದಿನ ಚಕ್ರ ಮುಂದಿನದಕ್ಕಿಂತ ಮೊದಲು ಲಾಕ್ ಆಗುವಂತಿರಬಾರದು ಅನ್ನುವುದು ಅದರ ಸಾರ. ಕಂಪನಿಯವರು ಇದಕ್ಕೆ ತಕ್ಕ ಹಾಗೆ ಡಿಸ್ಕ್, ಡ್ರಮ್, ವಾಲ್ವ್ ಎಲ್ಲ ಹೊಂದಿಸಿ ಕೊಟ್ಟಿರುತ್ತಾರೆ. ನಾನು ಒಂದೇ ಮಧ್ಯಾಹ್ನದಲ್ಲಿ ಅದನ್ನು ಕೆಡಿಸಿದ್ದೆ.

ಅಲ್ಲಿಗಾದರೂ ಬಿಡಬೇಕಿತ್ತು. ಬಿಡಲಿಲ್ಲ. ಹಿಂದಿನ ಪ್ರೆಶರ್ ಕಡಿಮೆ ಮಾಡಿದರೆ ಸಾಕಲ್ಲ ಅಂತ ಅಡ್ಜಸ್ಟ್ ಮಾಡುವ ಪ್ರಪೋರ್ಷನಿಂಗ್ ವಾಲ್ವ್ ತರಿಸಿದೆ. ಈ ವಾಲ್ವ್ ಒಂದು ಮಟ್ಟದವರೆಗೆ ಪ್ರೆಶರ್ ಪೂರ್ತಿ ಬಿಡುತ್ತದೆ, ಅದು ದಾಟಿದ ಮೇಲೆ ಹಿಂದಕ್ಕೆ ಏರುವ ಪ್ರೆಶರನ್ನು ತಗ್ಗಿಸುತ್ತದೆ. ಯೋಚನೆ ತಪ್ಪಲ್ಲ. ಆದರೆ ಮೆಕ್ಯಾನಿಕ್ ಹಿಂದಕ್ಕೆ ಹೋಗುವ ಒಂದು ಪೈಪ್ ನೋಡಿ, ಇದೇ ಹಿಂದಿನ ಲೈನ್ ಅಂತ ಅದಕ್ಕೆ ಕೂರಿಸಿದರು. ಖಾಲಿ ಮೈದಾನದಲ್ಲಿ ಒಬ್ಬನೇ ಕೂತು 40 ಕಿ.ಮೀ. ವೇಗದಲ್ಲಿ ಬ್ರೇಕ್ ಹಾಕಿದೆ. ಕಾರು ಎಡಕ್ಕೆ ಎಳೆಯಿತು. ಮತ್ತೆ ಹಾಕಿದೆ, ಮತ್ತೆ ಎಡಕ್ಕೆ.

ಕಾರಣ ಇಷ್ಟೇ. ಮುಂದಿನ ಚಕ್ರದಿಂದ ಓಡುವ ಸಣ್ಣ ಕಾರುಗಳಲ್ಲಿ ಬ್ರೇಕ್ ಲೈನ್ ಸಾಮಾನ್ಯವಾಗಿ ಅಡ್ಡಡ್ಡ ಜೋಡಿಯಾಗಿರುತ್ತದೆ. ಮುಂದಿನ ಎಡಕ್ಕೂ ಹಿಂದಿನ ಬಲಕ್ಕೂ ಒಂದು ಲೈನ್, ಮುಂದಿನ ಬಲಕ್ಕೂ ಹಿಂದಿನ ಎಡಕ್ಕೂ ಇನ್ನೊಂದು. ಒಂದು ಲೈನ್ ಒಡೆದು ಆಯಿಲ್ ಸೋರಿದರೂ ಮುಂದಿನ ಒಂದು ಬ್ರೇಕ್ ಉಳಿಯಲಿ ಅಂತ ಹೀಗೆ ಮಾಡಿರುತ್ತಾರೆ. ಹಾಗಾಗಿ ಹಿಂದಕ್ಕೆ ಎರಡು ಬೇರೆ ಬೇರೆ ಪೈಪ್ ಹೋಗುತ್ತವೆ. ನಮ್ಮ ವಾಲ್ವ್ ಬಲಗಡೆಯದನ್ನು ಮಾತ್ರ ಕಡಿಮೆ ಮಾಡಿತ್ತು, ಎಡಗಡೆಯದು ಹಾಗೇ ಉಳಿದಿತ್ತು. ಹಾಕುವುದಾದರೆ ಎರಡಕ್ಕೂ ಒಂದೇ ಸಮ ಹಾಕಬೇಕು, ಎರಡನ್ನೂ ಗೇಜ್ ಇಟ್ಟು ಅಳೆಯಬೇಕು. ಎರಡು ಪೈಪನ್ನೂ ಸೇರಿಸಿ ಒಂದೇ ವಾಲ್ವಿಗೆ ಕೊಡುವ ಯೋಚನೆಯಂತೂ ಬೇಡವೇ ಬೇಡ. ಆಗ ಎಲ್ಲೋ ಒಂದು ಕಡೆ ಸೋರಿದರೆ ಎರಡೂ ಲೈನ್ ಒಟ್ಟಿಗೆ ಹೋಗುತ್ತವೆ.

ಇನ್ನೊಬ್ಬರು ಮಾಸ್ಟರ್ ಸಿಲಿಂಡರ್ ದೊಡ್ಡದು ಹಾಕಿ ಅಂದರು. 20 ಮಿ.ಮೀ. ವ್ಯಾಸದ ಬದಲು 22 ಹಾಕಿದರೆ ಪಿಸ್ಟನ್‌ನ ವಿಸ್ತೀರ್ಣ 21% ಜಾಸ್ತಿಯಾಗುತ್ತದೆ, ಅಷ್ಟೇ ಕಾಲಿನ ಬಲಕ್ಕೆ ಪ್ರೆಶರ್ ಸುಮಾರು 17% ಇಳಿಯುತ್ತದೆ. ಆಗ ಮುಂದಿನ ಬ್ರೇಕೂ ಸೊರಗುತ್ತದೆ, ಮುಂದೆ ಹಿಂದಿನ ಹೊಂದಾಣಿಕೆ ಇದ್ದಲ್ಲೇ ಇರುತ್ತದೆ. ಬೇಡ ಅಂದೆ.

ಕೊನೆಗೆ ಹಳೆಯ ಡ್ರಮ್ಮನ್ನೇ ವಾಪಸ್ ಹಾಕಿಸಲು ಹೋದೆ. ಬೇರೆ ಗ್ಯಾರೇಜ್, ವಯಸ್ಸಾದ ಮೆಕ್ಯಾನಿಕ್. ಮೂಲೆಯಲ್ಲಿ ಚೀಲದೊಳಗೆ ಕಟ್ಟಿಟ್ಟಿದ್ದ ಸಾಮಾನೆಲ್ಲ ಅವರ ಮುಂದೆ ಸುರಿದೆ. ಅವರು ಶೂಗಳ ನಡುವೆ ಇರುವ ಅಡ್ಜಸ್ಟರ್ ಎತ್ತಿಕೊಂಡರು. ಅದರಲ್ಲಿ ಹಲ್ಲಿನ ಸಣ್ಣ ಚಕ್ರ ಒಂದಿದೆ. ಶೂ ಸವೆದ ಹಾಗೆ ಅದು ಒಂದೊಂದೇ ಹಲ್ಲು ತಿರುಗಿ ಶೂಗಳನ್ನು ಡ್ರಮ್‌ನ ಹತ್ತಿರಕ್ಕೆ ತಳ್ಳಬೇಕು. ಹಲ್ಲುಗಳ ಸಂದಿಯಲ್ಲಿ ತುಕ್ಕು ಮತ್ತು ಕರಿ ಪುಡಿ ಸೇರಿ ಗಟ್ಟಿಯಾಗಿ ಕೂತಿತ್ತು. ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೂ ಅಲುಗಲಿಲ್ಲ.

"ಪೆಡಲ್ ಎರಡು ಸಲ ಒತ್ತಿದ್ರೆ ಮೇಲೆ ಬರ್ತಿತ್ತಾ?" ಅಂತ ಕೇಳಿದರು.

"ಹೌದು" ಅಂದೆ.

"ಇದೇ ಕಣಪ್ಪ ಅದು."

ಶೂ ಮತ್ತು ಡ್ರಮ್ ನಡುವೆ ಜಾಗ ಜಾಸ್ತಿಯಾಗಿತ್ತು. ಮೊದಲ ಒತ್ತು ಆ ಜಾಗ ತುಂಬುವುದಕ್ಕೇ ಮುಗಿದುಹೋಗುತ್ತಿತ್ತು. ಬ್ರೇಕ್ ಚಿಕ್ಕದಾಗಿದ್ದಕ್ಕೆ ಬಂದ ತೊಂದರೆ ಅಲ್ಲವೇ ಅಲ್ಲ. ಅಡ್ಜಸ್ಟರ್ ತೊಳೆದು, ಹೊಸ ಶೂ ಹಾಕಿ, ಎರಡೂ ಕಡೆ ಸಮ ಮಾಡಿ, ಬ್ರೇಕ್ ಆಯಿಲ್ ಬದಲಿಸಿದರು. ಪೆಡಲ್ ಹೊಸ ಕಾರಿನ ಹಾಗೆ ಮೇಲೇ ಸಿಕ್ಕಿತು. ಇದನ್ನು ಮೊದಲ ದಿನವೇ ಮಾಡಿಸಬಹುದಿತ್ತು ಅಂತ ನೆನೆದರೆ ಈಗಲೂ ಸಂಕಟ ಆಗುತ್ತದೆ.

ಆಯಿಲ್ ವಿಷಯ ಸುಮ್ನೆ ಹೇಳುತ್ತಿಲ್ಲ. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. 3.7% ನೀರು ಸೇರಿದ ಮೇಲೆ ಈ ಕನಿಷ್ಠ ಮಟ್ಟ 155 ಡಿಗ್ರಿ. ಉದ್ದದ ಇಳಿಜಾರಿನಲ್ಲಿ ಕುದ್ದು ಗುಳ್ಳೆ ಬಂದರೆ ಪೆಡಲ್ ನೆಲ ಮುಟ್ಟುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ.

ಎಬಿಎಸ್ ಇದ್ದರೆ ಭಯ ಇಲ್ಲ ಅಂತ ಕೆಲವರು ಹೇಳುತ್ತಾರೆ. ಎಬಿಎಸ್ ಮತ್ತು ಇಬಿಡಿಯನ್ನು (ಮುಂದೆ ಹಿಂದೆ ಬ್ರೇಕ್ ಬಲ ಹಂಚುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಆ ಕಾರಿನ ಮೂಲ ಬ್ರೇಕಿಗೆ ತಕ್ಕಂತೆ ಹೊಂದಿಸಿರುತ್ತಾರೆ. ಬೇರೆ ಕ್ಯಾಲಿಪರ್ ಹಾಕಿದ್ದು ಅದಕ್ಕೆ ಗೊತ್ತಿರುವುದಿಲ್ಲ. ಇನ್ನೊಂದು ಮಾತು. ನಿಮ್ಮ ಈಗಿನ ಬ್ರೇಕ್ ಚಕ್ರವನ್ನು ಲಾಕ್ ಮಾಡುವಷ್ಟು ಹಿಡಿಯುತ್ತಿದ್ದರೆ, ಡಿಸ್ಕ್ ಎಷ್ಟು ದೊಡ್ಡದು ಹಾಕಿದರೂ ಕಾರು ಅದಕ್ಕಿಂತ ಬೇಗ ನಿಲ್ಲುವುದಿಲ್ಲ. ಅಲ್ಲಿಂದ ಮುಂದೆ ಲೆಕ್ಕಕ್ಕೆ ಬರುವುದು ಟೈರ್. ದೊಡ್ಡ ಡಿಸ್ಕಿನ ಲಾಭ ಬಿಸಿ ತಡೆದುಕೊಳ್ಳುವುದರಲ್ಲಿ, ಅದೂ ಮುಂದಿನ ಚಕ್ರದಲ್ಲಿ.

ಈಗಾಗಲೇ ಹಿಂದೆ ಡಿಸ್ಕ್ ಹಾಕಿಸಿಕೊಂಡವರು ದಯವಿಟ್ಟು ಒಂದು ಕೆಲಸ ಮಾಡಿ. ಜೊತೆಗೆ ಮುಂದಿನ ಬ್ರೇಕ್, ಮಾಸ್ಟರ್ ಸಿಲಿಂಡರ್, ವಾಲ್ವ್ ಬದಲಿಸಿದ್ದಾರಾ ಅಂತ ಹಾಕಿದವರನ್ನೇ ಕೇಳಿ. ಕ್ಯಾಲಿಪರ್‌ನಲ್ಲಿ ಏರ್ ತೆಗೆಯುವ ನಿಪ್ಪಲ್ ಮೇಲ್ಗಡೆ ಇದೆಯಾ ನೋಡಿ. ಕೆಳಗಿದ್ದರೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿರಬಹುದು, ಎಷ್ಟು ಪಂಪ್ ಮಾಡಿದರೂ ಗಾಳಿ ಪೂರ್ತಿ ಹೋಗುವುದಿಲ್ಲ. ಆಮೇಲೆ ರೋಲರ್ ಮೇಲೆ ನಿಲ್ಲಿಸಿ ಒಂದೊಂದು ಚಕ್ರದ ಬ್ರೇಕ್ ಬಲ ಅಳೆಯುವ ಕಡೆಗೆ ಕಾರು ಒಯ್ದು ನಾಲ್ಕು ಚಕ್ರದ ಅಂಕಿ ಬರೆಸಿಕೊಳ್ಳಿ. ಆ ಅಂಕಿಗಳನ್ನು ಬ್ರೇಕ್ ಗೊತ್ತಿರುವವರಿಗೆ ತೋರಿಸಿ, ಹಿಂದಿನದು ಮೊದಲು ಲಾಕ್ ಆಗುತ್ತದಾ ಅಂತ ಕೇಳಿ. ಉತ್ತರ ಸಿಗುವವರೆಗೆ ಆ ಕಾರನ್ನು ಇಳಿಜಾರಿಗೆ ಒಯ್ಯಬೇಡಿ. ಪಕ್ಕದಲ್ಲಿ ಯಾರನ್ನೂ ಕೂರಿಸಿಕೊಳ್ಳಬೇಡಿ.