ಚಾಂಪಿಯನ್‌ಶಿಪ್ ಮ್ಯಾನೇಜರ್ 01/02: ಹಳೇ ಲ್ಯಾಪ್‌ಟಾಪಿಗೆ ಹಾಕ್ಕೊಂಡು ಮೂರು ವಾರ ಆಡಿದ ಮೇಲೆ

ಮೊದಲೇ ಹೇಳ್ಬಿಡ್ತೀನಿ, ಈ ಫುಟ್‌ಬಾಲ್ ಗೇಮಲ್ಲಿ ಬಾಲ್ ಕಾಣ್ಸಲ್ಲ. ಗ್ರೌಂಡೂ ಕಾಣ್ಸಲ್ಲ, ಆಟಗಾರರು ಓಡೋದೂ ಕಾಣ್ಸಲ್ಲ, ಸ್ಕ್ರೀನ್ ಮೇಲೆ ಒಂದು ಪಟ್ಟಿ, ಅದರೊಳಗೆ ಒಂದೊಂದೇ ಸಾಲು ಬರತ್ತೆ, ಯಾರು ಪಾಸ್ ಕೊಟ್ಟ, ಯಾರು ಒದ್ದ, ಗೋಲ್‌ಕೀಪರ್ ಹಿಡಿದ್ನಾ ಬಿಟ್ನಾ, ಅಷ್ಟೇ. ನಾವು ಮ್ಯಾನೇಜರ್. ಹುಡುಗರನ್ನ ಕೊಂಡ್ಕೊಳ್ಳೋದು, ಮಾರೋದು, ಹನ್ನೊಂದು ಜನರನ್ನ ಇಳಿಸೋದು, ಸೋತ್ರೆ ಕ್ಲಬ್ ನಡೆಸೋ ಬೋರ್ಡಿಗೆ ಉತ್ತರ ಕೊಡೋದು. 2001ರ ಅಕ್ಟೋಬರಲ್ಲಿ ಬಂದ ಗೇಮಿದು, ಮಾಡಿದ್ದು ಸ್ಪೋರ್ಟ್ಸ್ ಇಂಟರಾಕ್ಟಿವ್, ಮಾರಿದ್ದು ಈಡೋಸ್. ಇದರ ಮುಂದೆ ಇನ್ಯಾವ ಮ್ಯಾನೇಜರ್ ಗೇಮೂ ನನಗೆ ನಿಲ್ಲಲ್ಲ, ಮನಸಾರೆ ಹೇಳ್ತಿದೀನಿ.

ನಮ್ದು ಬಂಗಾರಪೇಟೆ. ದೊಡ್ಡಪ್ಪ ಕೆಜಿಎಫ್‌ನಲ್ಲಿ ಚಾಂಪಿಯನ್ ರೀಫ್ ಗಣೀಲಿ ಇದ್ರು, 2001 ಫೆಬ್ರವರಿ 28ಕ್ಕೆ ಗಣಿ ಮುಚ್ತು, ಆಮೇಲೆ ಎರಡು ವರ್ಷ ರಜಾ ಬಂದಾಗೆಲ್ಲ ನಾನು ಅವರ ಮನೇಲೇ ಇರ್ತಿದ್ದೆ, ಮನೇಲಿ ಎಲ್ಲರ ಮುಖ ಸಪ್ಪಗಿರೋದು, ದೊಡ್ಡಮ್ಮ ಕೈಗೆ ಹತ್ತು ರೂಪಾಯಿ ಇಟ್ಟು ಹೋಗಿ ಆಡ್ಕೊಂಡು ಬಾ ಅಂತ ಕಳ್ಸೋರು, ರಾಬರ್ಟ್‌ಸನ್‌ಪೇಟೆಯ ಒಂದು ಸೈಬರಲ್ಲಿ ನಾನು ಈ ಗೇಮ್ ಮೊದಲ ಸಲ ನೋಡಿದ್ದು. ಅರ್ಧ ಗಂಟೆ ಅಷ್ಟೇ ಸಿಗ್ತಿತ್ತು, ಸೇವ್ ಮಾಡಿದ್ರೆ ಮಾರನೇ ದಿನ ಯಾರೋ ಅಳಿಸಿರೋರು. ಒಂದು ಸೀಸನ್ ಕೂಡ ಪೂರ್ತಿ ಆಡಿರ್ಲಿಲ್ಲ. ಅದನ್ನ ಮುಗಿಸ್ಬೇಕು ಅನ್ನೋದು ಇಷ್ಟು ವರ್ಷ ಮನಸಲ್ಲೇ ಉಳ್ಕೊಂಡಿತ್ತು.

ಈಗ ಇನ್‌ಸ್ಟಾಲ್ ವಿಷಯ. 2008ರಲ್ಲಿ ಈಡೋಸ್‌ನವರೇ ಇದನ್ನ ಫ್ರೀಯಾಗಿ ಬಿಟ್ಟಿದಾರೆ, ಹಾಗಾಗಿ ದುಡ್ಡು ಕೊಡೋದು ಬೇಡ, ಆದ್ರೆ ಡೌನ್‌ಲೋಡ್ ಎಲ್ಲಿಂದ ಅನ್ನೋದು ನೋಡ್ಕೊಂಡು ಮಾಡಿ. ನಾನು ಮೊದಲು ಸಿಕ್ಕಿದ ಕಡೆ ಕ್ಲಿಕ್ ಮಾಡಿದೆ, ಬಂದಿದ್ದು ಒಂದು ಪುಟ್ಟ ಇಎಕ್ಸ್‌ಇ ಫೈಲು, ಗೇಮ್ ಬರ್ಲಿಲ್ಲ, ಬ್ರೌಸರ್ ತುಂಬಾ ಜಾಹೀರಾತು ಬಂತು, ಭಾನುವಾರ ಸಂಜೆ ಪೂರ್ತಿ ಅದನ್ನ ಕ್ಲೀನ್ ಮಾಡೋದ್ರಲ್ಲೇ ಹೋಯ್ತು. ನಿಮಗೆ ಬೇಕಾಗಿರೋದು ಸಿಡಿಯ ಐಎಸ್‌ಒ ಫೈಲು, ಅಂದ್ರೆ ಇಡೀ ಸಿಡಿಯ ನಕಲು ಒಂದೇ ಫೈಲಲ್ಲಿ. ವಿಂಡೋಸ್ 10 ಇದ್ರೆ ಅದರ ಮೇಲೆ ಡಬಲ್ ಕ್ಲಿಕ್ ಮಾಡಿದ್ರೆ ಸಾಕು, ಸಿಡಿ ಹಾಕಿದ ಥರ ಒಂದು ಡ್ರೈವ್ ತೆರ್ಕೊಳ್ಳತ್ತೆ. ಸೆಟಪ್ ಓಡಿಸುವಾಗ ಅದು ಪ್ರೋಗ್ರಾಮ್ ಫೈಲ್ಸ್ ಫೋಲ್ಡರ್ ತೋರ್ಸತ್ತೆ, ಅಲ್ಲಿ ಹಾಕ್ಬೇಡಿ, ಈಗಿನ ವಿಂಡೋಸ್ ಆ ಫೋಲ್ಡರ್ ಒಳಗೆ ಬರೆಯೋಕೆ ಹಳೇ ಗೇಮಿಗೆ ಸುಲಭಕ್ಕೆ ಬಿಡಲ್ಲ, ಸೇವ್ ಮಾಡುವಾಗ ತೊಂದ್ರೆ ಆಗತ್ತೆ. ಸಿ ಡ್ರೈವಲ್ಲೇ ನೇರವಾಗಿ ಒಂದು ಹೊಸ ಫೋಲ್ಡರ್ ಮಾಡಿ ಅದಕ್ಕೆ ಹಾಕಿ. ಆಮೇಲೆ 3.9.68 ಅನ್ನೋ ಪ್ಯಾಚ್, ಅಂದ್ರೆ ಗೇಮಿನ ತಪ್ಪು ಸರಿಮಾಡೋ ಫೈಲು, ಅದೇ ಕೊನೇ ಅಧಿಕೃತ ಪ್ಯಾಚು, ಅದನ್ನ ಹಾಕದೆ ಗೇಮ್ ಶುರು ಮಾಡ್ಬೇಡಿ. ಕೊನೇಗೆ ಐಕಾನ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಅಲ್ಲಿ ವಿಂಡೋಸ್ ಎಕ್ಸ್‌ಪಿ ಸರ್ವೀಸ್ ಪ್ಯಾಕ್ 3, ಕೆಳಗೆ ರನ್ ಆಸ್ ಅಡ್ಮಿನಿಸ್ಟ್ರೇಟರ್ ಟಿಕ್ ಮಾಡಿ. ನನ್ನ 2 ಜಿಬಿ ರ‍್ಯಾಮಿನ ಲ್ಯಾಪ್‌ಟಾಪಲ್ಲಿ ಇಷ್ಟಕ್ಕೇ ಓಡ್ತು. ಸ್ಕ್ರೀನ್ 800x600, ಹಾಗಾಗಿ ಅಗಲ ಸ್ಕ್ರೀನಲ್ಲಿ ಅಕ್ಷರ ಎಳೆದ ಥರ ಕಾಣತ್ತೆ, ಎರಡು ದಿನಕ್ಕೆ ಕಣ್ಣಿಗೆ ಅಭ್ಯಾಸ ಆಗೋಯ್ತು.

ಗೇಮ್ ತೆರೆದ ತಕ್ಷಣ ಯಾವ್ಯಾವ ದೇಶದ ಲೀಗ್ ಬೇಕು ಅಂತ ಕೇಳತ್ತೆ, 26 ದೇಶ ಇದಾವೆ. ಎಲ್ಲಾ ಟಿಕ್ ಮಾಡೋಣ ಅಂತ ಕೈ ಹೋಗತ್ತೆ, ಬೇಡ, ಒಂದೊಂದು ದಿನ ಮುಂದೆ ಹೋಗೋಕೆ ಲ್ಯಾಪ್‌ಟಾಪ್ ಒದ್ದಾಡತ್ತೆ. ನಾನು ಇಂಗ್ಲೆಂಡ್, ಸ್ಕಾಟ್ಲೆಂಡ್, ಇಟಲಿ ಅಷ್ಟೇ ತಗೊಂಡೆ.

ಇನ್ನು ಕ್ಲಬ್. ಎಲ್ಲರೂ ಮ್ಯಾಂಚೆಸ್ಟರ್ ಯುನೈಟೆಡ್ ತಗೋತಾರೆ, ಬೆಕಮ್ ಇದಾನೆ ಅಂತ. ನಾನು ತಗೊಂಡಿದ್ದು ಬೆರಿ. ನಮ್ಮ ದೇಶದ ಫುಟ್‌ಬಾಲ್ ಆಟಗಾರ ಬೈಚುಂಗ್ ಭುಟಿಯಾ 1999ರಿಂದ 2002ರವರೆಗೆ ಇದ್ದ ಕ್ಲಬ್ಬು, ಆಗ ಇಂಗ್ಲೆಂಡಿನ ಮೂರನೇ ಹಂತದಲ್ಲಿ ಆಡ್ತಿತ್ತು, ಗ್ರೌಂಡ್ ಹೆಸರು ಗಿಗ್ ಲೇನ್. ನಿಜವಾದ 2001-02 ಸೀಸನಲ್ಲಿ ಅವರು ಕೆಳಗಿನ ಡಿವಿಷನ್‌ಗೆ ಬಿದ್ರು. 2019ರಲ್ಲಿ ದುಡ್ಡಿನ ತಾಪತ್ರಯಕ್ಕೆ ಆ ಕ್ಲಬ್ಬನ್ನ ಲೀಗಿಂದಲೇ ಹೊರಗೆ ಹಾಕಿದ್ರು, ಈಗ ತೀರಾ ಕೆಳಗಿನ ಮಟ್ಟದಿಂದ ಮತ್ತೆ ಎದ್ದು ಬರ್ತಿದೆ. ಈ ಗೇಮಲ್ಲಿ ಅದ್ಯಾವುದೂ ಇನ್ನೂ ಆಗಿಲ್ಲ, ಜುಲೈ 2001, ಕೈಯಲ್ಲಿ ದುಡ್ಡಿಲ್ಲ, ಆದ್ರೆ ಟೀಮ್ ಇದೆ. ಗಣಿ ಮುಚ್ಚಿದ ಊರಿನ ಪಕ್ಕದಲ್ಲೇ ಬೆಳೆದವನಿಗೆ ಇದು ಬರೀ ಗೇಮ್ ಅಂತ ಅನ್ಸಲ್ಲ.

ನಾನು ದಿನಾ ಬೆಂಗಳೂರಿಗೆ ಟ್ರೈನಲ್ಲಿ ಹೋಗಿ ಬರೋನು. ಸೀಟ್ ಸಿಕ್ಕಿದ ದಿನ ಟೇಕಲ್ ಬರೋಷ್ಟರಲ್ಲಿ ಒಂದು ಮ್ಯಾಚ್, ಮಾಲೂರು ದಾಟೋಷ್ಟರಲ್ಲಿ ಇನ್ನೊಂದು. ನೆಟ್ ಬೇಕಿಲ್ಲ, ಇದು ದೊಡ್ಡ ಅನುಕೂಲ. ಕಾಮೆಂಟರಿ ಸ್ಪೀಡ್ ಮಾತ್ರ ಕಮ್ಮಿ ಇಟ್ಕೊಳ್ಳಿ, ಬೇಗ ಓಡ್ಸಿದ್ರೆ ಇದರ ರುಚಿಯೇ ಗೊತ್ತಾಗಲ್ಲ. ಒಂದಿನ ಸ್ಟೋಕ್ ಅನ್ನೋ ಟೀಮ್ ಮೇಲೆ 1-1, 88ನೇ ನಿಮಿಷ, ನಮಗೆ ಕಾರ್ನರ್. ಪಟ್ಟೀಲಿ ಒಂದು ಸಾಲು ಬಂತು, ಬಾಲ್ ಒಳಗೆ ಬಂತು ಅಂತ. ಮುಂದಿನ ಸಾಲು ಹೆಡರ್. ಆಮೇಲೆ ಒಂದು ಕ್ಷಣ ಏನೂ ಇಲ್ಲ, ಆ ಒಂದು ಕ್ಷಣದಲ್ಲಿ ನಾನು ಉಸಿರು ಹಿಡ್ಕೊಂಡಿದೀನಿ, ಪಟ್ಟಿ ಪಳಪಳ ಅಂತ ಮಿಂಚ್ತು, ಗೋಲ್! ಎದುರು ಸೀಟಿನ ಅಜ್ಜಿ ಬುಟ್ಟಿ ಪಕ್ಕಕ್ಕೆ ಎಳ್ಕೊಂಡು "ಏನಪ್ಪಾ, ಏನಾಯ್ತು" ಅಂದ್ರು. ಗೆದ್ವಿ ಅಜ್ಜಿ ಅಂದೆ. "ಒಳ್ಳೇದಾಯ್ತು ಬುಡು" ಅಂದ್ರು.

ಹೊಸಬರಿಗೆ ಕಷ್ಟ ಆಗೋದು ಆಟಗಾರರನ್ನ ಹುಡುಕೋದ್ರಲ್ಲಿ. ನಮಗೆ ಪರಿಚಯ ಇಲ್ಲದ ಆಟಗಾರ ಎಷ್ಟು ಚೆನ್ನಾಗಿ ಆಡ್ತಾನೆ ಅನ್ನೋ ಅಂಕಿಗಳು ಪೂರ್ತಿ ಕಾಣ್ಸಲ್ಲ, ಆಟಗಾರರನ್ನ ನೋಡ್ಕೊಂಡು ಬರೋ ಸ್ಕೌಟ್ ಕಳ್ಸಿ ತಿಳ್ಕೋಬೇಕು, ಇದು ಈ ಆವೃತ್ತೀಲೇ ಶುರುವಾಗಿದ್ದು, ನನಗಂತೂ ಬಹಳ ಸರಿ ಅನ್ನಿಸ್ತು. ಹಳೇ ಆಟಗಾರರೆಲ್ಲ ಹೇಳೋ ಒಂದು ಹೆಸರು ಮಕ್ಸಿಮ್ ತ್ಸಿಗಾಲ್ಕೊ, ಬೆಲಾರುಸ್‌ನ ಡಿನಾಮೊ ಮಿನ್ಸ್ಕ್ ಹುಡುಗ, ಈ ಗೇಮಲ್ಲಿ ಗೋಲಿನ ಮಳೆಗರೆಯೋನು. ನಾನೂ ಆಫರ್ ಹಾಕಿದೆ, ಇಂಗ್ಲೆಂಡಲ್ಲಿ ಆಡೋಕೆ ಬೇಕಾದ ವರ್ಕ್ ಪರ್ಮಿಟ್ ಅವನಿಗೆ ಸಿಗ್ಲಿಲ್ಲ. ಆಮೇಲೆ ಅವನ ಬಗ್ಗೆ ಹುಡುಕಿ ಓದಿದೆ, ನಿಜ ಜೀವನದಲ್ಲಿ ಗಾಯದಿಂದ 26ಕ್ಕೇ ಆಟ ಬಿಟ್ಟಿದಾನೆ, 2020ರ ಡಿಸೆಂಬರಲ್ಲಿ 37 ವರ್ಷಕ್ಕೇ ತೀರ್ಕೊಂಡಿದಾನೆ. ಅವತ್ತು ಗೇಮ್ ಮುಚ್ಚಿಟ್ಟೆ, ಆ ದಿನ ಮತ್ತೆ ಆಡೋಕೆ ಮನಸ್ಸಾಗ್ಲಿಲ್ಲ.

ಕೊರತೆ ಅಂದ್ರೆ, ಹೇಳ್ಕೊಡೋರು ಯಾರೂ ಇಲ್ಲ. ಟ್ಯಾಕ್ಟಿಕ್ಸ್ ಪೇಜಲ್ಲಿ ಬಾಲ್ ನಮ್ಮ ಹತ್ರ ಇದ್ದಾಗ ಆಟಗಾರ ಎಲ್ಲಿರ್ಬೇಕು, ಇಲ್ಲದಾಗ ಎಲ್ಲಿರ್ಬೇಕು ಅಂತ ಬೇರೆಬೇರೆ ಇಡ್ಬೋದು, ಅದು ಅರ್ಥ ಆಗೋಕೆ ನನಗೆ ಒಂದು ವಾರ ಬೇಕಾಯ್ತು. ಶುರೂಲಿ ಸುಮ್ಮನೆ 4-4-2, ಅಂದ್ರೆ ಹಿಂದೆ ನಾಲ್ವರು, ಮಧ್ಯೆ ನಾಲ್ವರು, ಮುಂದೆ ಇಬ್ಬರು, ಹಾಗೆ ಇಟ್ಕೊಂಡು ಆಡಿ.

ನಾನು ಮೊದಲ ಸೀಸನ್ ಮುಗಿಸಿದೆ, 14ನೇ ಸ್ಥಾನ, ಬೆರಿ ಬೀಳ್ಲಿಲ್ಲ. ಅಕ್ಕನ ಮಗ ಮೊದಲು ನೋಡಿ "ಏನ್ ಮಾಮ, ಬರೀ ಅಕ್ಷರ ಐತಲ್ಲ ಇದ್ರಲ್ಲಿ" ಅಂದಿದ್ದ. ಒಂದೇ ಗೇಮಲ್ಲಿ ಇನ್ನೊಬ್ಬ ಮ್ಯಾನೇಜರನ್ನ ಸೇರಿಸೋಕೆ ಬರತ್ತೆ, ಎರಡನೇ ಸೀಸನ್‌ಗೆ ಅವನೂ ಸೇರ್ಕೊಂಡ, ಓಲ್ಡಮ್ ಅನ್ನೋ ಕ್ಲಬ್ ತಗೊಂಡಿದಾನೆ. ಶನಿವಾರ ಅವನ ಟೀಮ್ ಗಿಗ್ ಲೇನ್‌ಗೆ ಬರತ್ತೆ, ನಾನು ಟೀಮ್ ಆರಿಸುವಾಗ ನೋಡ್ಬಾರ್ದು ಅಂತ ಅವನನ್ನ ಪಾನಿಪೂರಿ ತರೋಕೆ ಕಳ್ಸೋದು ಅಂತ ಮಾತಾಗಿದೆ.