ನೊಂದ ಮಗು ಮತ್ತು ಕಲಿಕೆ: ಶಿಕ್ಷಕರ ತರಬೇತಿಯೊಂದರ ವಿಮರ್ಶೆ

ಹೊಡೆತ, ಲೈಂಗಿಕ ದೌರ್ಜನ್ಯ ಅಥವಾ ತೀವ್ರ ನಿರ್ಲಕ್ಷ್ಯಕ್ಕೆ ಒಳಗಾದ ಮಕ್ಕಳ ಕಲಿಕೆಯನ್ನು ಕುರಿತು ಸ್ವಯಂಸೇವಾ ಸಂಸ್ಥೆಯೊಂದು ನಮ್ಮ ತಾಲ್ಲೂಕಿನ ಪ್ರೌಢಶಾಲಾ ಶಿಕ್ಷಕರಿಗೆ ನಡೆಸಿದ ತರಬೇತಿಯಲ್ಲಿ ಗಣಿತ ಶಿಕ್ಷಕಿಯಾಗಿ ನಾನೂ ಪಾಲ್ಗೊಂಡಿದ್ದೆ. ಇಂಥ ತರಬೇತಿಯನ್ನು ತಮ್ಮ ಶಾಲೆಯಲ್ಲಿ ಏರ್ಪಡಿಸಬೇಕೆಂದಿರುವ ಮುಖ್ಯ ಶಿಕ್ಷಕರಿಗೆ ನೆರವಾಗಲೆಂದು ಇದನ್ನು ಬರೆಯುತ್ತಿದ್ದೇನೆ. ಬೆಳಗಿನ ಅವಧಿ ಅತ್ಯುತ್ತಮವಾಗಿತ್ತು. ಮಧ್ಯಾಹ್ನದ ಅವಧಿಯಲ್ಲಿ ತಿದ್ದಬೇಕಾದದ್ದು ಸಾಕಷ್ಟಿದೆ.

ಸಂಪನ್ಮೂಲ ವ್ಯಕ್ತಿಯಾಗಿ ಬಂದಿದ್ದ ಮನಶ್ಶಾಸ್ತ್ರಜ್ಞೆ ಮೊದಲಿಗೆ ನಮಗೆ ಕೆಲವು ಅಂಕಿಗಳನ್ನು ಓದಿ ಹೇಳಿ, ಅವನ್ನು ಹಿಂದುಮುಂದಾಗಿ ಒಪ್ಪಿಸುವಂತೆ ಕೇಳಿದರು. ಅದೇ ಹೊತ್ತಿಗೆ ಅವರ ಸಹಾಯಕರು ನಮ್ಮ ಬೆನ್ನ ಹಿಂದೆ ಯಾವಾಗೆಂದರೆ ಆವಾಗ ಮೇಜು ಕುಟ್ಟುತ್ತಿದ್ದರು. ನಮ್ಮಲ್ಲಿ ಹೆಚ್ಚಿನವರು ತಪ್ಪಿದೆವು. ಅಪಾಯ ಯಾವ ಗಳಿಗೆಯಲ್ಲಿ ಬಂದೀತೆಂದು ತಿಳಿಯದ ಮನೆಯಲ್ಲಿ ಬೆಳೆಯುವ ಮಗುವಿನ ಮಿದುಳು ಬಾಗಿಲ ಸದ್ದನ್ನೂ ದೊಡ್ಡವರ ದನಿಯ ಏರಿಳಿತವನ್ನೂ ಕಾಯುವುದರಲ್ಲೇ ತೊಡಗಿರುತ್ತದೆ, ಹೀಗಾಗಿ ಹೇಳಿದ್ದನ್ನು ಆ ಕ್ಷಣಕ್ಕೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿ ಪಾಠಕ್ಕೆ ಪೂರ್ತಿಯಾಗಿ ಒದಗುವುದಿಲ್ಲ ಎಂದು ಅವರು ವಿವರಿಸಿದರು. ಮಿದುಳಿನಲ್ಲಿ ಭಯವನ್ನು ಗುರುತಿಸುವ ಭಾಗವಾದ ಅಮಿಗ್ಡಲಾ, ನೆನಪನ್ನು ಕಟ್ಟುವ ಭಾಗವಾದ ಹಿಪೊಕ್ಯಾಂಪಸ್, ದೀರ್ಘಕಾಲದ ಒತ್ತಡದಲ್ಲಿ ಏರುಪೇರಾಗುವ ಕಾರ್ಟಿಸೋಲ್ ಎಂಬ ಹಾರ್ಮೋನು ಇವೆಲ್ಲ ಈ ವಿವರಣೆಯ ನಂತರವೇ ಬಂದವು. ಮಗ್ಗಿಯನ್ನು ಸರಾಗವಾಗಿ ಹೇಳುವ ಹುಡುಗಿಯೊಬ್ಬಳು ಮೂರು ಹಂತದ ಲೆಕ್ಕದಲ್ಲಿ ಎರಡನೆಯ ಹಂತಕ್ಕೇ ಏಕೆ ನಿಂತುಬಿಡಬಹುದು ಎಂಬುದಕ್ಕೆ ನನಗೆ ಇಷ್ಟು ಸ್ಪಷ್ಟವಾದ ಉತ್ತರ ಹಿಂದೆ ಸಿಕ್ಕಿರಲಿಲ್ಲ. ಶ್ರವಣದೋಷ, ದೃಷ್ಟಿದೋಷ, ರಕ್ತಹೀನತೆ, ಕಲಿಕಾ ನ್ಯೂನತೆ ಇವೂ ಹೀಗೆಯೇ ಕಾಣಿಸಬಹುದು, ಆದ್ದರಿಂದ ಹಿಂದುಳಿದ ಮಗುವೆಲ್ಲ ದೌರ್ಜನ್ಯಕ್ಕೆ ಒಳಗಾದದ್ದೆಂದು ತೀರ್ಮಾನಿಸಬೇಡಿ ಎಂದು ಅವರು ಎಚ್ಚರಿಸಿದ್ದು ಬಹಳ ಮೆಚ್ಚುವಂಥದ್ದು.

ರುಮೇನಿಯದ ಬುಕಾರೆಸ್ಟ್ ಅಧ್ಯಯನವನ್ನೂ ಅವರು ಚೆನ್ನಾಗಿ ಬಳಸಿಕೊಂಡರು. ಅಲ್ಲಿ ಅನಾಥಾಲಯಗಳಲ್ಲಿದ್ದ 136 ಶಿಶುಗಳಲ್ಲಿ ಅರ್ಧದಷ್ಟನ್ನು ಪೋಷಕ ಕುಟುಂಬಗಳಿಗೆ ಒಪ್ಪಿಸಿದಾಗ, ಕುಟುಂಬ ಸೇರಿದವರ ಬುದ್ಧಿಮತ್ತೆಯ ಅಂಕಗಳು ಉಳಿದವರಿಗಿಂತ ಮೇಲೇರಿದವು. ಸುಮಾರು ಎರಡು ವರ್ಷ ವಯಸ್ಸು ತುಂಬುವುದರೊಳಗೆ ಸೇರಿದವರಿಗೆ ಹೆಚ್ಚು ಲಾಭವಾಯಿತು. ಆದರೆ ನಮ್ಮ ಮುಂದಿರುವವರು ಹದಿಮೂರು, ಹದಿನಾಲ್ಕರ ಮಕ್ಕಳು. ಆ ವಯಸ್ಸಿನಲ್ಲಿ ಏನು ಸಾಧ್ಯ ಎಂಬ ಪ್ರಶ್ನೆಗೆ ಇನ್ನಷ್ಟು ಸಮಯ ಕೊಡಬೇಕಿತ್ತು.

ಮಧ್ಯಾಹ್ನ ಬೇರೊಬ್ಬರು, ಹೊಡೆತ, ನಿರ್ಲಕ್ಷ್ಯದಂಥ ಎಷ್ಟು ಬಗೆಯ ಕಹಿ ಅನುಭವಗಳಾಗಿವೆ ಎಂದು ಎಣಿಸಿ ಅಂಕ ಕೊಡುವ, ಬಾಲ್ಯದ ಪ್ರತಿಕೂಲ ಅನುಭವಗಳ ಪ್ರಶ್ನಾವಳಿಯನ್ನು ಹಂಚಿ, ನಮ್ಮ ಒಬ್ಬೊಬ್ಬ ವಿದ್ಯಾರ್ಥಿಗೂ ಅಂಕ ಹಾಕಲು ಹೇಳಿದರು. ಇದಕ್ಕೆ ನನ್ನ ಬಲವಾದ ಆಕ್ಷೇಪವಿದೆ. ಈ ಪ್ರಶ್ನಾವಳಿಗೆ ಮೂಲವಾದ, ಅಮೆರಿಕದ ವೈದ್ಯರಾದ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ 1998ರಲ್ಲಿ ಪ್ರಕಟಿಸಿದ ಅಧ್ಯಯನ ಸಾವಿರಾರು ವಯಸ್ಕರನ್ನು ಒಟ್ಟಾಗಿ ನೋಡಿದ್ದು. ಒಂದೊಂದು ಮಗುವಿನ ಭವಿಷ್ಯವನ್ನು ಅಳೆಯಲು ಈ ಅಂಕವನ್ನು ಬಳಸುವುದು ತಪ್ಪೆಂದು ಆಂಡಾ ಅವರೇ 2020ರಲ್ಲಿ ಸಹಲೇಖಕರೊಡನೆ ಬರೆದಿದ್ದಾರೆ. "ದಡ್ಡ" ಎಂಬ ಹಣೆಪಟ್ಟಿ ತೆಗೆದು "ಆರು ಅಂಕದವನು" ಎಂಬ ಹಣೆಪಟ್ಟಿ ಅಂಟಿಸಿದರೆ ಮಗುವಿಗೆ ದೊರೆತದ್ದೇನು?

ಇದಕ್ಕಿಂತ ದೊಡ್ಡ ಕೊರತೆ ಕಾನೂನಿನ ಭಾಗದ್ದು. ಮಗು ತನಗಾದದ್ದನ್ನು ಶಿಕ್ಷಕರ ಬಳಿ ಹೇಳಿಕೊಂಡರೆ ಮುಂದೇನು ಎಂಬುದಕ್ಕೆ ಕೊನೆಯ ಕೆಲವು ನಿಮಿಷಗಳು ಮಾತ್ರ ಉಳಿದಿದ್ದವು. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಲೈಂಗಿಕ ದೌರ್ಜನ್ಯ ತಿಳಿದುಬಂದರೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ತಿಳಿಸದಿರುವುದು 21ನೇ ಕಲಮಿನಡಿ ಶಿಕ್ಷಾರ್ಹ. ಹೀಗಿರುವಾಗ "ಯಾರಿಗೂ ಹೇಳುವುದಿಲ್ಲ" ಎಂದು ಮಗುವಿಗೆ ಮಾತು ಕೊಡಲಾಗದು. ಆ ಮಾತನ್ನು ಕೊಡದೆಯೇ ಧೈರ್ಯ ತುಂಬುವುದು ಹೇಗೆ, ಪದೇಪದೇ ಪ್ರಶ್ನಿಸಿ ನೋಯಿಸದಿರುವುದು ಹೇಗೆ ಎಂಬುದನ್ನು ಅಭ್ಯಾಸ ಮಾಡಿಸಲೇಬೇಕಿತ್ತು. ಮಕ್ಕಳ ಸಹಾಯವಾಣಿ 1098ರ ಭಿತ್ತಿಪತ್ರವನ್ನಂತೂ ಕೊಟ್ಟು ಕಳುಹಿಸಿದರು.

ಕೈಪಿಡಿ ಸರಳವಾದ ಒಳ್ಳೆಯ ಕನ್ನಡದಲ್ಲಿದೆ. ದಿನದ ಪಾಠಕ್ರಮವನ್ನು ಮೊದಲೇ ಫಲಕದ ಮೇಲೆ ಬರೆಯುವುದು, ಸೂಚನೆಗಳನ್ನು ಒಂದೊಂದಾಗಿ ಕೊಡುವುದು, ಹಿಂದಿನಿಂದ ಬಂದು ಮಗುವಿನ ಹೆಗಲು ಮುಟ್ಟದಿರುವುದು ಮುಂತಾದ ಸಲಹೆಗಳಿಗೆ ಖರ್ಚೇ ಇಲ್ಲ. ಅಂಕ ಹಾಕುವ ಚಟುವಟಿಕೆಯನ್ನು ಕೈಬಿಟ್ಟು ಆ ಸಮಯವನ್ನು ಕಾನೂನಿಗೂ ಆಪ್ತಸಮಾಲೋಚನೆಗೂ ಕೊಡುವುದಾಗಿ ಸಂಸ್ಥೆ ಮೊದಲೇ ಒಪ್ಪಿದರೆ, ಈ ತರಬೇತಿಯನ್ನು ನಮ್ಮ ಶಾಲೆಗೆ ಕರೆಸುವಂತೆ ನಾನೇ ಮುಖ್ಯ ಶಿಕ್ಷಕರನ್ನು ಕೇಳಿಕೊಳ್ಳುತ್ತೇನೆ.