ಕಪ್ಪು ಡೈ ಪಾಕೀಟುಗಳ ವಿಮರ್ಶೆ: ಬೆಳಗಾವಿ ಅಂಗಡಿಯಲ್ಲಿ ಯಾವುದು ಕೊಳ್ಳಬಹುದು, ಯಾವುದು ಬೇಡ

ಖಡೇಬಜಾರ, ಗಣಪತ್ ಗಲ್ಲಿಯಿಂದ ಹಿಡಿದು ಓಣಿಯ ಕಿರಾಣಿ ಅಂಗಡಿಯವರೆಗೆ ತಲೆಗೆ ಹಚ್ಚುವ ಕಪ್ಪು ಬಣ್ಣ ಹೆಚ್ಚಾಗಿ ಮೂರು ರೂಪದಲ್ಲಿ ಸಿಗುತ್ತದೆ: ನೀರಲ್ಲಿ ಕಲಸುವ ಪುಡಿಯ ಸಣ್ಣ ಪಾಕೀಟು, ಜೋಡಿ ಟ್ಯೂಬಿನ ಕ್ರೀಮ್, ಮತ್ತೆ ‘ಕಪ್ಪು ಮೆಹಂದಿ’. ಬೆಲೆ ಬೇರೆ ಬೇರೆ. ಆದರೆ ಕಪ್ಪು ಕೊಡುವ ರಾಸಾಯನಿಕ ಬಹುತೇಕ ಒಂದೇ, ಪ್ಯಾರಾ ಫಿನೈಲಿನ್ ಡಯಾಮೈನ್. ಚಿಕ್ಕದಾಗಿ ಪಿಪಿಡಿ. ಅದಕ್ಕೇ ಇಲ್ಲಿ ಕಂಪನಿಗಳಿಗೆ ಅಂಕ ಕೊಡದೆ, ಪಾಕೀಟಿನೊಳಗೆ ಇರುವುದನ್ನೇ ತೂಗಿ ನೋಡಿದ್ದೇವೆ.

ಪುಡಿ ಪಾಕೀಟು ಅಗ್ಗ, ಬಣ್ಣವೂ ಚೆನ್ನಾಗಿ ಹತ್ತುತ್ತದೆ. ಪಿಪಿಡಿ ತಾನಾಗಿ ಕಪ್ಪಲ್ಲ. ಜೊತೆಗೆ ಬೆರೆಸಿರುವ ಸೋಡಿಯಂ ಪರ್‌ಬೋರೇಟ್‌ನಂಥ ವಸ್ತು ನೀರು ಬಿದ್ದೊಡನೆ ಆಮ್ಲಜನಕ ಬಿಡುತ್ತದೆ, ಅದು ತಾಗಿದಾಗಲೇ ಕಪ್ಪು ಹುಟ್ಟುವುದು. ಪ್ಲಾಸ್ಟಿಕ್ ಬಟ್ಟಲಲ್ಲಿ ಕಲಸಿಟ್ಟು ನೋಡಿ: ಮಾಸಲು ಪುಡಿ ಮೊದಲು ಕಂದಾಗುತ್ತದೆ, ಅಂಚಿನಲ್ಲಿ ನೇರಳೆ ಛಾಯೆ ಮೂಡಿ ನಿಧಾನಕ್ಕೆ ಕಪ್ಪಿಗೆ ತಿರುಗುತ್ತದೆ. ಚರ್ಮಕ್ಕೆ ಅಲರ್ಜಿ ತರುವುದು ಇನ್ನೂ ಪೂರ್ತಿ ಕಪ್ಪಾಗದ ಈ ನಡುವಿನ ಹಂತ. ಕೂದಲೊಳಗೆ ಗಟ್ಟಿಯಾಗಿ ಕೂತ ಬಣ್ಣ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ‘ಗಾಢ ಬರಲಿ’ ಎಂದು ನೀರು ಕಡಿಮೆ ಹಾಕಿ ಕಲಸುವ ರೂಢಿ ನಮ್ಮಲ್ಲಿ ಬಹಳ. ಯುರೋಪಿನಲ್ಲಿ ತಲೆಗೆ ಹಚ್ಚುವ ಮಿಶ್ರಣದಲ್ಲಿ ಪಿಪಿಡಿ ಶೇ. 2 ಮೀರುವಂತಿಲ್ಲ, ಆ ಲೆಕ್ಕ ಕಲಸಿದ ನಂತರದ್ದು. ನೀರು ಅರ್ಧಕ್ಕೆ ಇಳಿಸಿದರೆ ಚರ್ಮಕ್ಕೆ ತಾಗುವ ಪ್ರಮಾಣ ಹೆಚ್ಚುಕಡಿಮೆ ದುಪ್ಪಟ್ಟು. ಪಾಕೀಟಿನ ಮೇಲೆ ಬರೆದಷ್ಟೇ ನೀರು, ಬರೆದಷ್ಟೇ ಹೊತ್ತು. ಉಳಿದ ಮಿಶ್ರಣವನ್ನು ಬಾಟಲಿಯಲ್ಲಿ ಮುಚ್ಚಿಡಬೇಡಿ, ಒಳಗೆ ಗಾಳಿ ತುಂಬಿ ಮುಚ್ಚಳ ಸಿಡಿಯುತ್ತದೆ.

ಕ್ರೀಮ್ ಹಣೆಗೆ ಇಳಿಯುವುದಿಲ್ಲ, ನಮ್ಮ ಏಪ್ರಿಲ್ ಬಿಸಿಲಿನ ಬೆವರಿಗೆ ಅದೊಂದು ಅನುಕೂಲ. ಆದರೆ ‘ಅಮೋನಿಯಾ ಇಲ್ಲ’ ಎಂಬ ದೊಡ್ಡಕ್ಷರ ನೋಡಿ ಮೋಸ ಹೋಗಬೇಡಿ. ಅಮೋನಿಯಾದ ಮುಖ್ಯ ಕೆಲಸ ಕೂದಲಿನ ಹೊರಪದರ ತೆರೆಯುವುದು. ಅದನ್ನು ತೆಗೆದರೂ ಪಿಪಿಡಿ ಹಾಗೇ ಇರಬಹುದು.

ಈ ಮೂರರಲ್ಲಿ ಕಪ್ಪು ಮೆಹಂದಿಯನ್ನು ಖಂಡಿತ ಕೊಳ್ಳಬೇಡಿ ಎನ್ನುತ್ತೇವೆ. ಮದರಂಗಿ ಎಲೆ ಕೊಡುವುದು ಕೆಂಪು-ಕಿತ್ತಳೆ ಬಣ್ಣ, ಅದಕ್ಕೂ ತಾಸುಗಟ್ಟಲೆ ಬೇಕು. ಅರ್ಧ ತಾಸಿಗೆ ಕಪ್ಪಾದರೆ ಅದು ಎಲೆಯ ಬಣ್ಣವಲ್ಲ. ಹೆಸರು ನಂಬಿ ಮದುವೆ ಮನೆಯಲ್ಲಿ ಮಕ್ಕಳ ಕೈಗೂ ಹಚ್ಚುತ್ತಾರೆ. ಚಿತ್ತಾರ ಬಿಡಿಸಿದ ಗೆರೆಯುದ್ದಕ್ಕೂ ನೀರ್ಗುಳ್ಳೆ ಏಳುತ್ತವೆ. ಅಲ್ಲಿ ಹುಟ್ಟಿದ ಅಲರ್ಜಿ ಜೀವನಪೂರ್ತಿ ಉಳಿಯಬಹುದು, ಮುಂದೆ ಯಾವತ್ತಾದರೂ ಡೈ ಹಚ್ಚಿದರೆ ಮುಖವೇ ಊದಿಕೊಳ್ಳುತ್ತದೆ.

ಪಿಪಿಡಿ ಇರುವ ಡೈ ಮೇಲೆ ಎಚ್ಚರಿಕೆಯನ್ನು ಇಂಗ್ಲಿಷಿನಲ್ಲಿ ಮತ್ತು ಸ್ಥಳೀಯ ಭಾಷೆಯಲ್ಲಿ ಮುದ್ರಿಸಬೇಕು ಎಂದು ನಮ್ಮ ದೇಶದ ಕಾಯ್ದೆ ಹೇಳುತ್ತದೆ. ಲೇಬಲ್ಲೇ ಇಲ್ಲದ ಬಿಡಿ ಪುಡಿಯನ್ನು ಮುಟ್ಟಲೇಬೇಡಿ. ಪರೀಕ್ಷೆಯ ಕ್ರಮ ಸುಲಭ. ಕಿವಿಯ ಹಿಂದೆ ಅಥವಾ ಮುಂಗೈ ಒಳಭಾಗದಲ್ಲಿ ಸೋಪು ನೀರಿನಿಂದ ತೊಳೆದು ಒರೆಸಿ, ಹಚ್ಚಲು ಸಿದ್ಧಮಾಡಿದ ಮಿಶ್ರಣವನ್ನೇ ಒಂದು ಬೊಟ್ಟು ಇಟ್ಟು ಒಣಗಲು ಬಿಡಿ. 24 ತಾಸಿನ ನಂತರ ತೊಳೆದು ನೋಡಿ. ಅಲರ್ಜಿ ಎರಡು ಮೂರು ದಿನಕ್ಕೂ ಕಾಣಿಸಿಕೊಳ್ಳುತ್ತದೆ, ಹಾಗಾಗಿ ಇನ್ನೊಂದು ದಿನ ಕಾಯುವುದು ಒಳ್ಳೆಯದು. ಕೆಂಪು, ತುರಿಕೆ, ಗುಳ್ಳೆ ಬಂದರೆ ಆ ಡೈ ನಿಮಗಲ್ಲ. ಪ್ರತಿ ಸಲವೂ ಈ ಪರೀಕ್ಷೆ ಬೇಕು. ಎಷ್ಟೋ ವರ್ಷ ಹಚ್ಚಿ ಏನೂ ಆಗದವರಿಗೆ ಒಂದು ದಿನ ದೇಹ ತಿರುಗಿಬೀಳುತ್ತದೆ.

ಕಟಿಂಗ್ ಅಂಗಡಿಯ ಸೇವೆಯಲ್ಲಿ ನಮಗೆ ಕಾಣುವ ದೊಡ್ಡ ತಪ್ಪು, ದಾಡಿ ಮಾಡಿದ ಕೂಡಲೇ ಮೀಸೆಗೆ ಡೈ ಹಚ್ಚುವುದು. ಬ್ಲೇಡು ತಾಗಿದ ಸಣ್ಣ ಗೀರಿನಿಂದ ರಾಸಾಯನಿಕ ಒಳಗಿಳಿಯುತ್ತದೆ. ಡೈ ಒಂದು ದಿನ, ದಾಡಿ ಇನ್ನೊಂದು ದಿನ ಮಾಡಿಸಿ. ಪಾಕೀಟನ್ನು ನಿಮ್ಮೆದುರೇ ಒಡೆಯಲು ಹೇಳಿ. ಹುಬ್ಬು, ರೆಪ್ಪೆಗೆ ಯಾರೂ ಹಚ್ಚಬಾರದು, ಕಣ್ಣೇ ಹೋಗಬಹುದೆಂದು ಲೇಬಲ್ಲಿನಲ್ಲೇ ಬರೆದಿರುತ್ತದೆ. ಮರುದಿನ ರೆಪ್ಪೆ, ಕಿವಿ, ಕುತ್ತಿಗೆ ಊದಿದರೆ ಚರ್ಮದ ಡಾಕ್ಟರನ್ನು ಕಾಣಿ. ಉಸಿರು ಕಟ್ಟಿದಂತಾದರೆ ತಡಮಾಡದೆ 108ಕ್ಕೆ ಫೋನ್ ಮಾಡಿ.

ಡೈ ಹೊಟ್ಟೆಗೆ ಹೋದರೆ ಮಾತು ಬೇರೆಯೇ. ಮೊದಲ ಕೆಲವು ತಾಸಿನಲ್ಲಿ ನಾಲಿಗೆ, ಗಂಟಲು, ಕುತ್ತಿಗೆ ಊದಿ ಉಸಿರಿನ ದಾರಿ ಮುಚ್ಚುತ್ತದೆ. ಅದನ್ನು ದಾಟಿದರೂ ಸ್ನಾಯು ಕರಗಿ ಮೂತ್ರ ಕಪ್ಪು ಚಹಾದಂತೆ ಬರುತ್ತದೆ, ಮುಂದಿನ ದಿನಗಳಲ್ಲಿ ಮೂತ್ರಪಿಂಡ ನಿಲ್ಲಬಹುದು, ಹೃದಯಕ್ಕೂ ಪೆಟ್ಟು. ಇದಕ್ಕೆ ಪ್ರತಿವಿಷವಿಲ್ಲ. ವಾಂತಿ ಮಾಡಿಸಬೇಡಿ, ಉಪ್ಪುನೀರು ಕುಡಿಸಬೇಡಿ, ಖಾಲಿ ಪಾಕೀಟು ಕೈಯಲ್ಲಿ ಹಿಡಿದು ಹೊರಡಿ. ಗಂಟಲಿಗೆ ರಂಧ್ರ ಮಾಡಿ ಉಸಿರು ಕೊಡಬಲ್ಲ, ಡಯಾಲಿಸಿಸ್ ಇರುವ ದವಾಖಾನೆಯೇ ಬೇಕು. ಬೆಳಗಾವಿಯಲ್ಲಾದರೆ ಜಿಲ್ಲಾ ಆಸ್ಪತ್ರೆ ಅಥವಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ‘ಈಗ ಆರಾಮ ಇದ್ದಾನೆ’ ಎಂದು ಮನೆಯಲ್ಲಿ ಕೂರಿಸಿಕೊಂಡರೆ ಆ ಅಮೂಲ್ಯ ತಾಸುಗಳೇ ಹೋಗುತ್ತವೆ. ದಿಲ್ಲಿ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ಮನೆಯಲ್ಲಿ ಮನನೊಂದವರಿದ್ದರೆ ಡೈ ತಂದಿಡಲೇಬೇಡಿ, ಅವರೊಡನೆ ಕೂತು ಮಾತಾಡಿ. ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಫೋನ್ ಮಾಡಬಹುದು.

ಪಿಪಿಡಿ ಬೇಡವೆನ್ನುವವರಿಗೆ ನಮ್ಮ ಶಿಫಾರಸು ಮದರಂಗಿ ಮತ್ತು ನೀಲಿ ಎಲೆಯ ಪುಡಿ, ಅಂದರೆ ಇಂಡಿಗೊ. ಪಾಕೀಟಿನ ಹಿಂದೆ ಒಂದೇ ಪದಾರ್ಥದ ಹೆಸರಿರಬೇಕು. ಮೊದಲು ಮದರಂಗಿ ಹಚ್ಚಿ ಎರಡು ಮೂರು ತಾಸು ಬಿಟ್ಟು ಬರೀ ನೀರಲ್ಲಿ ತೊಳೆಯಿರಿ. ಆಮೇಲೆ ಇಂಡಿಗೊವನ್ನು ಉಗುರುಬೆಚ್ಚಗಿನ ನೀರಲ್ಲಿ ಕಲಸಿ, ಹತ್ತು ಹದಿನೈದು ನಿಮಿಷ ಇಟ್ಟು ತಡಮಾಡದೆ ಹಚ್ಚಿ, ಒಂದೂವರೆ ತಾಸಿಗೆ ತೊಳೆಯಿರಿ. ಇಂಡಿಗೊ ಕಲಸಿ ಬಹಳ ಹೊತ್ತು ಇಟ್ಟರೆ ಸತ್ವ ಹೋಗುತ್ತದೆ, ಮದರಂಗಿಯಂತೆ ರಾತ್ರಿಯಿಡೀ ನೆನೆಸುವುದಲ್ಲ. ತೊಳೆದಾಗ ಕೂದಲು ಹಸಿರು ಹೊಡೆದಂತೆ ಕಂಡರೆ ಗಾಬರಿ ಬೇಡ. ಎರಡು ದಿನ ಶಾಂಪೂ ಹಾಕದೆ ಬಿಡಿ, ಅಷ್ಟರಲ್ಲಿ ಕಪ್ಪಿಗೆ ಬರುತ್ತದೆ.